ಎಲೆಗೆ ಆದ ಸುಣ್ಣ

ಹಳೆಯ ಇಗರ್ಜಿಯ, ಅಂದರೆ ಚರ್ಚಿನ, ಒಳಗೆ ಹೋದವರು ಮೊದಲು ಮೇಲೆ ನೋಡ್ತಾರೆ. ಮಾಡು, ಗಂಟೆ, ಪೂಜೆ ನಡೆಯುವ ಅಲ್ತಾರಿನ ಬಂಗಾರದ ಬಣ್ಣ. ನೀವು ಹಾಗೆ ಮಾಡಬೇಡಿ. ಮೊದಲು ಗೋಡೆಗೆ ಅಂಗೈ ಇಡಿ. ಒಳ್ಳೆಯ ಸುಣ್ಣದ ಗೋಡೆ ಮಧ್ಯಾಹ್ನದ ಬಿಸಿಲಲ್ಲಿಯೂ ಮಣ್ಣಿನ ಕೊಡಪಾನದ ಹಾಗೆ ತಣ್ಣಗೆ ಇರ್ತದೆ, ಆದರೆ ಕೈ ಒದ್ದೆ ಆಗುವುದಿಲ್ಲ. ಕೈ ಒದ್ದೆ ಆದರೆ ಆ ಗೋಡೆಗೆ ಯಾರೋ ಏನೋ ಮಾಡಿದ್ದಾರೆ ಅಂತ ಲೆಕ್ಕ. ಮೇಲೆ ನೋಡುವುದು ಆಮೇಲೆ.

ನಾನು ವಾರಿಜ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಇಗರ್ಜಿಗಳಿಗೆಲ್ಲ ಸುಣ್ಣದ ಗಾರೆ ಹದ ಮಾಡಿ, ಮೆತ್ತಿ, ತಿಕ್ಕಿ ಬದುಕಿದವಳು. ಹುಟ್ಟಿದ್ದು ಹಿಂದೂ ಮನೆಯಲ್ಲಿ, ದುಡಿದದ್ದು ಇಗರ್ಜಿಯಲ್ಲಿ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನ ತನಕ. ಸುಣ್ಣ ಹಿಡಿದು ಹಿಡಿದು ಬೆರಳಿನ ಗೆರೆಗಳೆಲ್ಲ ಹೋಗಿವೆ. ಆಧಾರ್ ಮಾಡುವ ಮೆಷಿನು ನನ್ನ ಬೆರಳನ್ನು ಓದಲಿಲ್ಲ. ನನಗೂ ಓದಲಿಕ್ಕೆ ಕಷ್ಟ, ನನ್ನನ್ನು ಓದಲಿಕ್ಕೂ ಕಷ್ಟ ಅಂತ ಆ ಆಫೀಸಿನವನಿಗೆ ಹೇಳಿದೆ. ಅವನು ನಗಲಿಲ್ಲ.

ಈಗ ನಾಲ್ಕು ಹೆಂಗಸರು ಈ ಕೆಲಸಕ್ಕೆ ಹೊಸತಾಗಿ ಬಂದಿದ್ದಾರೆ. ನಾನು ಬಾಯಲ್ಲಿ ಹೇಳಿದ್ದು ಮರೆತು ಹೋಗ್ತದಂತೆ, ಬರೆದು ಕೊಡಬೇಕಂತೆ. ನಾನು ಹೇಳಿದ ಹಾಗೆ ಅವರಲ್ಲಿ ಒಬ್ಬಳು ಬರೆದುಕೊಳ್ತಿದ್ದಾಳೆ. ಬರೀ ಒಳ್ಳೆಯದನ್ನೇ ಬರೆದರೆ ಅದು ಹೆಣ್ಣು ನೋಡಲಿಕ್ಕೆ ಬಂದವರ ಮುಂದೆ ಮಾತಾಡಿದ ಹಾಗೆ ಆಗ್ತದೆ. ಹಾಗಾಗಿ ಮೊದಲೇ ಹೇಳಿಬಿಡ್ತೇನೆ. ನನ್ನ ಕೈಯಿಂದ ಒಂದು ಇಗರ್ಜಿಯ ಗೋಡೆ ಹಾಳಾಯಿತು. ಇಗರ್ಜಿಯನ್ನೇ ಕೆಡವಿ ಹೊಸದು ಕಟ್ಟುವ ಅನ್ನುವಲ್ಲಿಗೆ ಬಂತು. ಅದಕ್ಕೆ ಕಾರಣ ಎರಡು ಶಬ್ದದ ಒಂದು ಚೀಟಿ. ಆ ಕಥೆಗೆ ಬರುವ ಮೊದಲು ಕೆಲಸ ಎಂಥದು ಅಂತ ಗೊತ್ತಾಗಬೇಕು.

ಐತಪ್ಪ ಮೇಸ್ತ್ರಿ ಅಂತ ಒಬ್ಬ ಇದ್ದ. ಸಪೂರ ಮನುಷ್ಯ, ಮಾತು ಅದಕ್ಕಿಂತ ಸಪೂರ. ಹಳೆಯ ಇಗರ್ಜಿಯ ಕೆಲಸ ಅಂದರೆ ಮೂರು ತಾಲೂಕಿನಲ್ಲಿ ಅವನನ್ನೇ ಕರೆಯುವುದು. ನಾನು ಕೆಲಸ ಕೇಳಲಿಕ್ಕೆ ಹೋದಾಗ ನನ್ನ ಕೈ ನೋಡಲಿಲ್ಲ, ತಲೆಹೊರೆ ಎಷ್ಟು ಹೊರುತ್ತೀ ಅಂತ ಕೇಳಲಿಲ್ಲ. "ಎಲೆ ತಿನ್ತೀಯಾ?" ಅಂತ ಕೇಳಿದ. ತಿನ್ತೇನೆ ಅಂದೆ. "ಹಾಗಾದರೆ ನಾಳೆ ಬಾ" ಅಂದ. ಆಗ ಅರ್ಥ ಆಗಲಿಲ್ಲ.

ಹೊಳೆಯ ಮರುವಾಯಿ ಚಿಪ್ಪನ್ನು ಸುಟ್ಟು ತರ್ತಾರೆ. ಅದನ್ನು ಹೊಂಡಕ್ಕೆ ಹಾಕಿ ನೀರು ಬಿಟ್ಟರೆ ಅನ್ನದ ಹಂಡೆಯ ಹಾಗೆ ಕುದೀತದೆ. ಕುದಿ ನಿಂತ ಮೇಲೆ ಗೋಣಿ ಮುಚ್ಚಿ, ಮೇಲೆ ನೀರು ನಿಲ್ಲಿಸಿ, ಹಾಗೇ ಮಲಗಿಸಿ ಬಿಡುವುದು. ಮೂರು ತಿಂಗಳು. ಆಮೇಲೆ ಮೇಸ್ತ್ರಿ ಹೊಂಡದಿಂದ ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು ವೀಳ್ಯದ ಎಲೆಗೆ ಹಚ್ಚಿ ಅಡಿಕೆ ಇಟ್ಟು ಬಾಯಿಗೆ ಹಾಕ್ತಾನೆ. ನಾಲಿಗೆ ಸುಡಲಿಲ್ಲ ಅಂದರೆ ಹದ ಬಂತು. ಸುಟ್ಟರೆ ಇನ್ನೂ ಮಲಗಲಿ. "ಎಲೆಗೆ ಆದರೆ ಗೋಡೆಗೆ ಆಯಿತು." ಇಷ್ಟೇ ಅವನ ಶಾಸ್ತ್ರ. ಹದ ಬಾರದ ಸುಣ್ಣವನ್ನು ಮೆತ್ತಿದರೆ ಅದು ಗೋಡೆಯ ಮೇಲೆ ಕೂತ ಮೇಲೆ ಅರಳಿ, ಸಣ್ಣ ಸಣ್ಣ ಗುಳ್ಳೆ ಎದ್ದು, ಉದುರ್ತದೆ.

ಮೊದಲ ವರ್ಷವೇ ನನಗೆ ಎಲೆ ಕೊಟ್ಟು ನೋಡು ಅಂದ. ಹಾಕಿದ ಕೂಡಲೇ ಬಾಯಿ ಚುರ್ ಅಂತ ಸುಟ್ಟಿತು. ಮೇಸ್ತ್ರಿಗೆ ಕೆಲಸ ಸುರು ಮಾಡುವ ಗಡಿಬಿಡಿ ಇರಬಹುದು ಅಂತ ನಾನೇ ಯೋಚನೆ ಮಾಡಿ, ಸರಿ ಉಂಟು ಅಂದೆ. ಅವನು ತಾನೂ ಒಂದು ಎಲೆ ಹಾಕಿ, ಉಗಿದು, ನನ್ನ ಮುಖ ನೋಡಿದ. ಮೂರು ದಿನ ನನಗೆ ಗಂಜಿಗೆ ಉಪ್ಪು ಹಾಕಿಕೊಳ್ಳಲಿಕ್ಕೆ ಆಗಲಿಲ್ಲ. ಮೂರನೇ ದಿನ ಹೇಳಿದ, "ನಿನ್ನ ನಾಲಿಗೆಗೆ ನಾನು ಕೆಲಸ ಕೊಟ್ಟದ್ದು. ನನ್ನನ್ನು ಖುಷಿ ಮಾಡಲಿಕ್ಕೆ ಅಲ್ಲ." ಹೊಸಬರು ಇದನ್ನು ನೆನಪಿಡಿ. ಮೇಲಿನವರಿಗೆ ಬೇಕಾದ ಉತ್ತರ ಸುಣ್ಣಕ್ಕೆ ಬೇಡ.

ಇಗರ್ಜಿ ಚಂದ, ಇಗರ್ಜಿ ಚಂದ ಅಂತ ಈಗ ತುಂಬ ಜನ ಕಾರು ಮಾಡಿಕೊಂಡು ಬರ್ತಾರೆ, ಫೋಟೋ ತೆಗೆಯುತ್ತಾರೆ. ಚಂದ ಹೌದು. ಯಾಕೆ ಚಂದ ಅಂತ ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ. ನಾನು ಹೇಳ್ತೇನೆ. ಮೂಡುಬಿದಿರೆಯ, ವೇಣೂರಿನ ಬಸದಿಗಳನ್ನು ನೋಡಿ. ಅದು ಕರಿಕಲ್ಲು. ಕೆತ್ತಿದವನು ಕೆತ್ತಿ ಹೋದ, ಕಲ್ಲು ಇನ್ನು ಸಾವಿರ ವರ್ಷ ತನ್ನನ್ನು ತಾನೇ ನೋಡಿಕೊಳ್ತದೆ. ಇಗರ್ಜಿ ಹಾಗಲ್ಲ. ಒಳಗೆ ಇರುವುದು ಮುರಕಲ್ಲು, ನಮ್ಮ ಊರಿನ ತೂತು ತೂತು ಕೆಂಪು ಕಲ್ಲು. ದನದ ಕೊಟ್ಟಿಗೆಗೂ ಅದೇ, ಬಾವಿಯ ಕಟ್ಟೆಗೂ ಅದೇ. ಆ ಕಲ್ಲಿನಲ್ಲಿ ಹೂವು ಕೆತ್ತಲಿಕ್ಕೆ ಆಗುವುದಿಲ್ಲ, ಪುಡಿ ಆಗ್ತದೆ. ಆದರೆ ಇಗರ್ಜಿಯ ಎದುರು ನಿಂತು ನೋಡಿದರೆ ಕಂಬ ಉಂಟು, ಕಂಬದ ತಲೆಯಲ್ಲಿ ಎಲೆ ಉಂಟು, ಮೇಲೆ ಎರಡು ಬದಿಯಲ್ಲಿ ಶಂಖದ ಹಾಗೆ ಸುರುಳಿ ಉಂಟು, ಸಂತರು ನಿಲ್ಲುವ ಗೂಡು ಉಂಟು. ಅದೆಲ್ಲ ಸುಣ್ಣ. ಬರೀ ಕೈಯಲ್ಲಿ, ಮರದ ಕರಣೆಯಲ್ಲಿ ಮಾಡಿದ್ದು. ಕಲ್ಲು ಅಂತ ನೀವು ನೋಡುವುದು ಕಲ್ಲೇ ಅಲ್ಲ.

ಒಳಗೆ ಬನ್ನಿ. ಕಮಾನು ನೋಡಿ. ತೊಲೆ ಇಲ್ಲ, ಕಬ್ಬಿಣ ಇಲ್ಲ. ಒಂದು ಕಲ್ಲು ಇನ್ನೊಂದನ್ನು ನೂಕ್ತದೆ, ಅದು ಮತ್ತೊಂದನ್ನು ನೂಕ್ತದೆ, ಯಾರೂ ಬೀಳುವುದಿಲ್ಲ. ಒಂದೇ ಮನೆಯ ವಾರಗಿತ್ತಿಯರ ಹಾಗೆ. ಗೋಡೆ ಮೂರು ಮೊಳ ದಪ್ಪ. ಕಿಟಕಿ ಎತ್ತರದಲ್ಲಿ, ಒಳಗಿನ ಬದಿ ಅಗಲ, ಹೊರಗೆ ಸಪೂರ. ಹಾಗಾಗಿ ಬಿಸಿಲು ಒಳಗೆ ಬರುವಾಗ ಹರಡಿಕೊಂಡು ಬರ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಬಾಗಿಲ ಮೇಲೆ ಹಾಡುವವರಿಗೆ ಮರದ ಅಟ್ಟ. ಅಲ್ಲಿ ಮೆಲ್ಲಗೆ ಹಾಡಿದ್ದು ಅಲ್ತಾರಿನ ಹತ್ತಿರ ಸರಿಯಾಗಿ ಕೇಳ್ತದೆ. ಇದೇ ಹಾಡನ್ನು ಹೊಸ ಕಾಂಕ್ರೀಟಿನ ಇಗರ್ಜಿಯಲ್ಲಿ ಕೇಳಿದ್ದೇನೆ, ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಸುಣ್ಣ ಶಬ್ದವನ್ನು ಸ್ವಲ್ಪ ಕುಡೀತದೆ, ಸ್ವಲ್ಪ ಬಿಡ್ತದೆ. ನೀರನ್ನೂ ಹಾಗೆಯೇ. ಇದು ನೆನಪಿರಲಿ, ಮುಂದೆ ಬೇಕಾಗ್ತದೆ.

ಬೆಳಿಗ್ಗೆ ಒಂಬತ್ತಕ್ಕೆ ಬದಿಯ ಕಿಟಕಿಯಿಂದ ಬಿಸಿಲು ಗೋಡೆಗೆ ಓರೆಯಾಗಿ ಬೀಳ್ತದೆ. ನಾವು ತಿಕ್ಕಿದ ಗೋಡೆಯ ಪರೀಕ್ಷೆ ಆ ಹೊತ್ತಿಗೆ. ಹನ್ನೆರಡು ಗಂಟೆಗೆ ಎಲ್ಲ ಗೋಡೆಯೂ ಸಪಾಟು ಕಾಣ್ತದೆ. ಒಂಬತ್ತಕ್ಕೆ ಸಾಸಿವೆಯಷ್ಟು ಉಬ್ಬು ಇದ್ದರೂ ನೆರಳು ಹಾಕ್ತದೆ. ಮೇಸ್ತ್ರಿ ಮಾತಾಡುವುದಿಲ್ಲ, ನೆರಳಿಗೆ ಬೆರಳು ತೋರಿಸ್ತಾನೆ, ನಾವು ಹೊಳೆಯ ಉರುಟು ಕಲ್ಲು ಹಿಡಿದು ಪುನಃ ತಿಕ್ಕುವುದು. ಆ ಕಲ್ಲು ಈಗಲೂ ನನ್ನ ಹತ್ತಿರ ಉಂಟು. ಒಂದು ಬದಿ ಕನ್ನಡಿಯ ಹಾಗೆ ಆಗಿದೆ.

ಇನ್ನೊಂದು ತಪ್ಪು ಬರೆಯಬೇಕು, ಇದು ನಗುವಂಥದ್ದು. ಗಾರೆಗೆ ಬೆಲ್ಲದ ನೀರು ಮತ್ತು ಕಾಯಿ ನೀರು ಹಾಕುವುದು ನಮ್ಮ ಕ್ರಮ. ಬೆಲ್ಲ ಹಾಕಿದರೆ ಗಾರೆ ಕೈಗೆ ಬೆಣ್ಣೆಯ ಹಾಗೆ ಬರ್ತದೆ. ಕಾಯಿ ಅಂದರೆ ಅಳಲೆಕಾಯಿ, ಅಂಗಡಿಯಲ್ಲಿ ಮದ್ದಿಗೆ ಸಿಗುವಂಥದ್ದು. ಅದನ್ನು ನೆನೆಸಿದ ನೀರು ಹಾಕಿದರೆ ಗೋಡೆ ಗಟ್ಟಿ, ಆದರೆ ಒಣಗಲಿಕ್ಕೆ ನಿಧಾನ. ನಾವು ಯಾರೂ ಅಳಲೆಕಾಯಿ ಅಂತ ಪೂರ್ತಿ ಹೇಳುವುದಿಲ್ಲ. ಕಾಯಿ ಅಂದರೆ ಮುಗಿಯಿತು. ಮೂಡುಬಿದಿರೆ ಕಡೆಯ ಒಂದು ಇಗರ್ಜಿಯಲ್ಲಿ ಮಾತೆಯ ಗೂಡಿಗೆ ಗಾರೆ ಮಾಡುವಾಗ, ನಯ ಬರಲಿ ಅಂತ ನಾನು ಬೆಲ್ಲ ಎರಡು ಪಾಲು ಹಾಕಿದೆ. ಗೂಡು ಚಂದ ಬಂತು. ನಾಲ್ಕನೇ ದಿನ ಬೆಳಿಗ್ಗೆ ಒಬ್ಬರು ಬಾಯಮ್ಮ ಮೊಣಕಾಲೂರಿ ಕೂತು ಅಳ್ತಾ ಇದ್ದರು. ಕ್ರಿಸ್ತುವರ ಹೆಂಗಸರನ್ನು ನಾವು ಕರೆಯುವುದು ಹಾಗೆ. ಏನು ಅಂತ ನೋಡಿದರೆ ನೆಲದಿಂದ ಹೊರಟ ಕೆಂಪಿರುವೆಯ ಸಾಲು ಗೋಡೆ ಹತ್ತಿ ಮಾತೆಯ ಪಾದದ ಸುತ್ತ ಮಾಲೆಯ ಹಾಗೆ ನಿಂತಿದೆ. ಸಣ್ಣ ಜೀವಕ್ಕೂ ಗೊತ್ತಾಗಿದೆ ಅಂತ ಅವರು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಮೇಸ್ತ್ರಿ ಬಂದು ಗೂಡಿಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟ. "ಪಾಯಸ ಮಾಡಿದ್ದೀ" ಅಂದ. ಒಂದು ವಾರ ನಾನು ಅರಸಿನ ನೀರಲ್ಲಿ ಗೂಡು ಒರೆಸಿದೆ. ಆ ಬಾಯಮ್ಮ ಮಾತ್ರ ಮುಂದೆ ಸಿಕ್ಕಿದಾಗಲೆಲ್ಲ ನನ್ನ ಕೈ ಹಿಡಿದು ಮಾತಾಡಿಸ್ತಿದ್ದರು. ನಾನು ಸತ್ಯ ಹೇಳಲಿಲ್ಲ, ಹೇಳಬೇಕು ಅಂತಲೂ ಕಾಣಲಿಲ್ಲ.

ಈಗ ಚೀಟಿಯ ಕಥೆ.

ವೇಣೂರಿನಿಂದ ಒಳಗೆ ಹೋಗುವ ಒಂದು ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಒಂದು ಇಗರ್ಜಿ ಉಂಟು. ಹೆಸರು ಬೇಡ. ನಾನು ಕೆಲಸ ಮಾಡಿದ ಇಗರ್ಜಿಗಳಲ್ಲಿ ಎದುರಿನ ಗೋಡೆ ಅಷ್ಟು ಚಂದ ಇರುವುದು ಇನ್ನೊಂದಿಲ್ಲ. ದೊಡ್ಡದಲ್ಲ. ಮೂರು ಬಾಗಿಲು, ನಡುವಿನದು ಎತ್ತರ. ಸುರುಳಿಗಳು ಎರಡೂ ಬದಿಯಲ್ಲಿ ಒಂದೇ ಅಳತೆ, ಒಂದು ಎಳೆ ಹೆಚ್ಚು ಕಮ್ಮಿ ಇಲ್ಲ. ಅಲ್ಲಿ ಉತ್ತರದ ಗೋಡೆಗೆ ಹೊಸ ಗಾರೆ ಆಗಬೇಕಿತ್ತು. ಕೆಲಸ ಸುರು ಮಾಡಿದ ವಾರದಲ್ಲಿ ಮೇಸ್ತ್ರಿ ಏಣಿಯಿಂದ ಜಾರಿ ಸೊಂಟ ಮುರಿದುಕೊಂಡ. ಮನೆಯಲ್ಲಿ ಮಲಗಿದ. ಕೆಲಸ ನನ್ನ ಕೈಗೆ ಬಂತು. ನನಗೆ ಹೆದರಿಕೆ ಆಗಲಿಲ್ಲ, ಖುಷಿ ಆಯಿತು. ಮೇಸ್ತ್ರಿ ಇಲ್ಲದೆ ವಾರಿಜ ಒಬ್ಬಳೇ ಮುಗಿಸಿದಳು ಅಂತ ಜನ ಹೇಳಬೇಕು ಅಂತ ಆಸೆ. ತಪ್ಪು ಅಲ್ಲಿಂದಲೇ ಸುರು.

ಆ ವರ್ಷ ಮಳೆ ಬೇಗ ಹಿಡಿಯಿತು. ಮೆತ್ತಿದ ಗಾರೆ ಹತ್ತು ದಿನ ಆದರೂ ಬೆರಳು ಒತ್ತಿದರೆ ಒಳಗೆ ಹೋಗ್ತದೆ. ತೆನೆಹಬ್ಬ ಹತ್ತಿರ ಬರ್ತಾ ಉಂಟು, ಅಷ್ಟರೊಳಗೆ ಆಗಬೇಕು ಅಂತ ಇಗರ್ಜಿಯವರು. ಮೇಸ್ತ್ರಿಯನ್ನು ಕೇಳಿಕೊಂಡು ಬನ್ನಿ ಅಂತ ಆ ಕಡೆ ಹೋಗುವ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದೆ. ಮರುದಿನ ಅವನು ಒಂದು ಚೀಟಿ ತಂದು ಕೊಟ್ಟ. ನಾವು ಮಾತಾಡುವುದು ತುಳು. ಆದರೆ ತುಳುವಿನಲ್ಲಿ ಯಾರು ಬರೆಯುತ್ತಾರೆ? ಬರೆಯುವುದು ಕನ್ನಡದಲ್ಲಿ. ಮೇಸ್ತ್ರಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಎರಡು ಶಬ್ದ ಬರೆದಿದ್ದ.

ಸುಣ್ಣಕ್ಕೆ ಕಾಯಿ.

ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಸುಣ್ಣಕ್ಕೆ ಕಾಯಿ. ಹೌದು, ಕಾಯಿ ಕಮ್ಮಿ ಆಗಿದೆ, ಹಾಕು ಅಂತ ಹೇಳಿದ್ದಾನೆ ಅಂತ ಲೆಕ್ಕ ಹಾಕಿದೆ. ಅಳಲೆಕಾಯಿ ತರಿಸಿ ಎರಡು ದಿನ ನೆನೆಸಿ ಗಾರೆಗೆ ಹಾಕಿ ಇನ್ನೊಂದು ಪದರ ಮೆತ್ತಿದೆ. ಕಾಯಿ ಹಾಕಿದರೆ ಒಣಗಲಿಕ್ಕೆ ಇನ್ನೂ ನಿಧಾನ ಅಂತ ನನಗೆ ಗೊತ್ತಿಲ್ಲವಾ? ಗೊತ್ತುಂಟು. ಆದರೂ ಹಾಕಿದೆ. ಮೇಸ್ತ್ರಿ ಕಾಯಿ ಅಂತ ಬರೆದದ್ದು ಕಾಯು ಅನ್ನುವ ಅರ್ಥದಲ್ಲಿ, ಒಣಗುವ ತನಕ ಕಾದು ಕೂತುಕೋ ಅಂತ. ನಿಜವಾಗಿ ತಪ್ಪು ಓದಿದೆನಾ, ನನಗೆ ಬೇಕಾದ ಹಾಗೆ ಓದಿದೆನಾ ಅಂತ ಈಗ ಕೇಳಿದರೆ, ಅರ್ಧ ಅರ್ಧ. ಏನಾದರೂ ಮಾಡಲಿಕ್ಕೆ ಬೇಕಿತ್ತು ನನಗೆ. ಸುಮ್ಮನೆ ಕೂರಲಿಕ್ಕೆ ಆಗ್ತಿರಲಿಲ್ಲ.

ಗಾರೆ ಮೊಸರಿನ ಹಾಗೆ ಗೋಡೆಯಲ್ಲಿಯೇ ನಿಂತಿತು. ಆಗ ಲಾದ್ರು ಪೊರ್ಬು ಬಂದರು. ಪೊರ್ಬು ಅಂತ ತುಳುವರು ಕ್ರಿಸ್ತುವರ ಗಂಡಸರಿಗೆ ಹೇಳುವ ಮರ್ಯಾದೆಯ ಮಾತು. ಅವರು ಆ ಇಗರ್ಜಿಯ ಗುರ್ಕಾರರು, ಅಂದರೆ ಊರಿನ ಕ್ರಿಸ್ತುವರ ಮುಖಂಡರು. ಒಳ್ಳೆಯ ಜನ, ಯಾವಾಗಲೂ ಬಾಯಲ್ಲಿ ಎಲೆ, ಯಾವಾಗಲೂ ಗಡಿಬಿಡಿ. ಇದನ್ನೆಲ್ಲ ಕೆರೆದು ತೆಗೆದು ಸಿಮೆಂಟು ಹೊಡೆಯುವ, ಎರಡು ದಿನದಲ್ಲಿ ಒಣಗ್ತದೆ, ಊರೆಲ್ಲ ಈಗ ಅದೇ ಅಲ್ಲವಾ ಅಂದರು. ನಾನು ಒಂದು ರಾತ್ರಿ ಕೂಡ ಯೋಚನೆ ಮಾಡಲಿಲ್ಲ. ಆಗಲಿ ಅಂದೆ. ಹಳೆಯ ಸುಣ್ಣವನ್ನು ಕಲ್ಲಿನ ತನಕ ಕೆತ್ತಿ ತೆಗೆದು, ನೆಲದಿಂದ ಕಿಟಕಿಯ ತಲೆಯ ತನಕ, ಉದ್ದಕ್ಕೂ ಸಿಮೆಂಟು. ಹಬ್ಬದ ದಿನ ಮಕ್ಕಳು ಹೂವು ಹಿಡಿದು ಆ ಗೋಡೆಯ ಬದಿಯಲ್ಲಿಯೇ ಸಾಲು ನಿಂತರು. ಎಲ್ಲರೂ ಹೊಗಳಿದರು. ನಾನು ಸೀರೆ ಬದಲಿಸಿಕೊಂಡು ಹೋಗಿ ಹೊಗಳಿಕೆ ಕೇಳಿ ಬಂದೆ.

ನಾಲ್ಕು ತಿಂಗಳ ಮೇಲೆ ಮೇಸ್ತ್ರಿ ದೊಣ್ಣೆ ಊರಿಕೊಂಡು ನೋಡಲಿಕ್ಕೆ ಬಂದ. ಬೆರಳ ಗಂಟಿನಲ್ಲಿ ಗೋಡೆಗೆ ಎರಡು ಸಲ ಬಡಿದ. ಚೀಟಿಯಲ್ಲಿ ಹೇಳಿದ ಹಾಗೆ ಕಾಯಿ ಹಾಕಿದ್ದೆ, ಆದರೂ ಒಣಗಲಿಲ್ಲ ಅಂತ ನಾನು ಸಮಜಾಯಿಷಿ ಕೊಟ್ಟೆ. ಅವನು ದೊಣ್ಣೆಯನ್ನು ಗೋಡೆಗೆ ಒರಗಿಸಿದ.

"ಕಾಯಿ ಅಂದರೆ ಕಾಯುವುದು, ಮಾರಾಯ್ತಿ. ನೀನು ಗೋಡೆಯ ಮೂಗು ಮುಚ್ಚಿದ್ದೀ."

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೆಲಸದಿಂದ ತೆಗೆಯಲೂ ಇಲ್ಲ. ಮುಂದೆಯೂ ಎಷ್ಟೋ ಇಗರ್ಜಿಗಳಲ್ಲಿ ಅವನ ಜೊತೆ ಕೆಲಸ ಮಾಡಿದೆ. ಅವನು ಸತ್ತ ಮೇಲೆ ನಾನೇ ನಡೆಸಿದೆ, ಒಂದು ಕಡೆಯೂ ಸಿಮೆಂಟು ಮುಟ್ಟಲಿಲ್ಲ. ಆದರೆ ಆ ಕೊನೆಯ ಸ್ಟಾಪಿಗೆ ಮಾತ್ರ ಪುನಃ ಹೋಗಲಿಲ್ಲ. ಆ ಬಸ್ಸು ಎದುರಿಗೆ ಬಂದರೆ ಬೋರ್ಡು ಓದದೆ ಬೇರೆ ಕಡೆ ನೋಡ್ತಿದ್ದೆ.

ಮೊಣಕಾಲು ಹೋದ ಮೇಲೆ ಕೆಲಸ ಬಿಟ್ಟೆ. ಮನೆಯಲ್ಲಿ ಕೂತು ಟೀವಿ ನೋಡುವ ಜಾತಿ ನಾನಲ್ಲ. ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟು ಬೇಡ ಅಂತ ಆದ ಮೇಲೆ ಬಸ್ಸು ಹತ್ತಿ ಹೊರಡ್ತೇನೆ. ಸರಕಾರಿ ಬಸ್ಸು ಇಲ್ಲದಲ್ಲಿ ಖಾಸಗಿಯವರ ಸರ್ವಿಸು ಬಸ್ಸು. ಒಂದು ದಿನ ಬಂಟ್ವಾಳ ಕಡೆಯ ಇಗರ್ಜಿ, ಒಂದು ದಿನ ನಾರಾವಿ ದಾರಿಯದ್ದು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡುವುದು. ಕೆಲಸ ಮಾಡುವಾಗ ನಾವು ನೋಡುವುದು ಒಂದು ಮೊಳ ಗೋಡೆಯನ್ನು. ಇಡೀ ಇಗರ್ಜಿಯನ್ನು ನಾನು ನೋಡಿದ್ದು ಕೆಲಸ ಬಿಟ್ಟ ಮೇಲೆಯೇ. ನನಗೆ ಅವರ ಪ್ರಾರ್ಥನೆ ಬರುವುದಿಲ್ಲ, ನನ್ನ ದೇವರು ದೈವಗಳು ಬೇರೆ ಉಂಟು. ಆದರೆ ಕಟ್ಟಿದವರು ಸುಳ್ಳು ಕೆಲಸ ಮಾಡಲಿಲ್ಲ ಅಂತ ಕಂಡರೆ ಮನಸ್ಸಿಗೆ ಸಮಾಧಾನ ಆಗ್ತದೆ, ಅದಕ್ಕೆ ಜಾತಿ ಇಲ್ಲ.

ಎಲ್ಲ ಆದ ಮೇಲೆ ಉಳಿದದ್ದು ಅದೊಂದೇ. ಹೋಗದೆ ಇರುವುದಕ್ಕೆ ನೆಪ ಉಳಿಯಲಿಲ್ಲ. ಹೋದೆ.

ಎದುರಿನ ಸುರುಳಿ ಹಾಗೆಯೇ ಇತ್ತು. ಒಳಗೆ ಹೋಗಿ ಉತ್ತರದ ಗೋಡೆಗೆ ಅಂಗೈ ಇಟ್ಟೆ. ನೀರು. ಸಿಮೆಂಟು ಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿದೆ. ಕಿಟಕಿಯ ಮೇಲಿನ ಹಳೆಯ ಸುಣ್ಣದ ತನಕ ಉಪ್ಪು ಬಿಳಿ ಹೂವಿನ ಹಾಗೆ ಹತ್ತಿದೆ. ನೆಲದಿಂದ ಮೇಲೆ ಬರುವ ನೀರು ಸುಣ್ಣದ ಮೂಲಕ ಹೊರಗೆ ಹೋಗ್ತದೆ, ಗೋಡೆ ಉಸಿರಾಡಿದ ಹಾಗೆ. ಸಿಮೆಂಟು ದಾರಿ ಮುಚ್ಚಿತು. ನೀರು ಕಲ್ಲಿನಲ್ಲಿಯೇ ಉಳಿದು ಕಲ್ಲನ್ನು ತಿಂದಿತು. ಬೆಂಚುಗಳನ್ನು ಆಚೆ ಸರಿಸಿ ಹಗ್ಗ ಕಟ್ಟಿದ್ದರು. ಹೊರಗೆ ಮೂಲೆಗಳಲ್ಲಿ ಕೆಂಪು ಬಣ್ಣದ ಗುರುತು.

ಫಾದರ್ ಹೊಸಬರು, ಎಳೆ ಪ್ರಾಯದವರು. ಗುರುತು ಎಂಥದು ಅಂತ ಕೇಳಿದೆ. ಒಂದು ಆದಿತ್ಯವಾರ ಸಿಮೆಂಟಿನ ದೊಡ್ಡ ಚಕ್ಕೆ ಬೆಂಚಿನ ಮೇಲೆ ಬಿದ್ದಿತಂತೆ. ಕಾಲು ಗಂಟೆ ಮೊದಲು ಅಲ್ಲಿ ಮಕ್ಕಳು ಕೂತಿದ್ದರಂತೆ. ಇಂಜಿನಿಯರು ಬಂದು ನೋಡಿ, ಆ ಗುರುತು ಹಾಕಿ, ಗೋಡೆ ಸತ್ತಿದೆ, ಕೆಡವುವುದು ಒಳ್ಳೆಯದು ಅಂದರಂತೆ. ಬರುವ ಆದಿತ್ಯವಾರ ಪೂಜೆ ಮುಗಿದ ಮೇಲೆ ಮೀಟಿಂಗು, ಅಲ್ಲಿ ತೀರ್ಮಾನ. ಫಾದರಿಗೆ ಕೆಡವಲಿಕ್ಕೆ ಮನಸ್ಸಿಲ್ಲ, ಆದರೆ ಮಕ್ಕಳ ತಲೆಯ ವಿಷಯ ಬಂದರೆ ಅವರು ಏನು ಹೇಳ್ತಾರೆ?

"ಆ ಮೀಟಿಂಗಿಗೆ ನಾನು ಬರಬಹುದಾ?" ಅಂತ ಕೇಳಿದೆ.

"ನೀವು ಯಾರು?"

"ಆ ಸಿಮೆಂಟು ಹಾಕಿದವಳು."

ಆದಿತ್ಯವಾರ ಹೋದೆ. ಇಗರ್ಜಿಯ ಹಾಲ್ ತುಂಬ ಜನ. ಲಾದ್ರು ಪೊರ್ಬುಗಳಿಗೆ ಕೂದಲು ಪೂರಾ ಬೆಳ್ಳಗಾಗಿದೆ, ಎಲೆ ಮಾತ್ರ ಬಾಯಲ್ಲಿ ಹಾಗೇ ಉಂಟು. ಕೆಡವಬೇಕು ಅಂತ ಮುಖ್ಯ ಮಾತು ಅವರದ್ದೇ. ನನ್ನನ್ನು ನೋಡಿದರು, ಗುರುತು ಸಿಕ್ಕಿತು, ಆಚೆ ತಿರುಗಿದರು. ಫಾದರ್ ನನ್ನನ್ನು ಕರೆದರು. ಗೋಡೆ ಸಾಯಲಿಲ್ಲ, ಸಿಮೆಂಟು ತೆಗೆದು ಸುಣ್ಣ ಕೊಟ್ಟರೆ ಬದುಕ್ತದೆ ಅಂತ ಹೇಳಿದೆ. ಲಾದ್ರು ಪೊರ್ಬು ಕುರ್ಚಿಯಿಂದ ಎದ್ದರು.

"ನಾಳೆ ಒಂದು ಮಗುವಿನ ತಲೆಗೆ ಬಿದ್ದರೆ ಉತ್ತರ ಯಾರು ಕೊಡುವುದು? ನಿನ್ನ ಸುಣ್ಣವಾ?"

ಕೇಳಿದ್ದು ನ್ಯಾಯವೇ. ನನ್ನ ಮನೆಯ ಮಗು ಆಗಿದ್ದರೆ ನಾನೂ ಕೇಳ್ತಿದ್ದೆ.

"ಬಿದ್ದದ್ದು ಸುಣ್ಣ ಅಲ್ಲ ಪೊರ್ಬುಲೇ, ಸಿಮೆಂಟು. ಮೂರು ಮೊಳದ ಗೋಡೆಗೆ ಅದನ್ನು ಹಾಕಿ ಮೂಗು ಮುಚ್ಚಿದ್ದು ನಾನು. ಗೋಡೆಯ ತಪ್ಪು ಅಲ್ಲ. ನನ್ನ ತಪ್ಪಿಗೆ ಇಗರ್ಜಿಯನ್ನು ಕೆಡವಬೇಡಿ."

ಮತ್ತೆ ನಾನು ಚೀಟಿಯ ಕಥೆ ಹೇಳಿದೆ, ಒಂದೂ ಬಿಡದೆ. ಕಾಯಲಿಕ್ಕೆ ಹೇಳಿ ಬರೆದರೆ ಅಳಲೆಕಾಯಿ ಹಾಕಿದ್ದನ್ನು ಹೇಳುವಾಗ ಹಿಂದಿನ ಸಾಲಿನಲ್ಲಿ ಒಬ್ಬರು ಬಾಯಮ್ಮ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಗಲಿ. ನಗದೆ ಇದ್ದವರು ಇಬ್ಬರು, ಇಂಜಿನಿಯರು ಮತ್ತು ಲಾದ್ರು ಪೊರ್ಬು. ಸಿಮೆಂಟಿನ ಹಿಂದೆ ಕಲ್ಲು ಎಷ್ಟು ಉಳಿದಿದೆ ಅಂತ ನಿಮಗೆ ಹೇಗೆ ಗೊತ್ತು ಅಂತ ಇಂಜಿನಿಯರು ಕೇಳಿದರು. ಒಳ್ಳೆಯ ಪ್ರಶ್ನೆ. ಗೊತ್ತಿಲ್ಲ, ತೆಗೆದು ನೋಡುವ ಅಂದೆ. ಕಡೆಗೆ ಅವರೇ ಒಂದು ದಾರಿ ಹೇಳಿದರು. ಗೋಡೆ ಬೀಳದ ಹಾಗೆ ಕಬ್ಬಿಣದ ಆಸರೆ ಕೊಡುವುದು. ಎರಡು ಕಿಟಕಿಯ ನಡುವಿನ ಭಾಗದಲ್ಲಿ ಮಾತ್ರ ಸಿಮೆಂಟು ತೆಗೆದು ಸುಣ್ಣ ಮಾಡುವುದು. ಒಂದು ಮಳೆಗಾಲ ನೋಡುವುದು. ಅದು ಒಣಗಿದರೆ ಇಗರ್ಜಿ ಉಳೀತದೆ. ಒದ್ದೆ ಇದ್ದರೆ ಕೆಡವುವುದು, ಆಮೇಲೆ ಯಾರೂ ಮಾತಾಡಲಿಕ್ಕಿಲ್ಲ. ಅಷ್ಟರ ತನಕ ಪೂಜೆ ಹಾಲ್‌ನಲ್ಲಿ.

ಹೊರಗೆ ಬಂದಾಗ ಫಾದರ್ ಹೇಳಿದರು, ನಾವು ಪಾಪ ಒಪ್ಪಿಕೊಳ್ಳುವ ಮರದ ಪೆಟ್ಟಿಗೆಯ ಒಳಗೆ ಕಿವಿಯಲ್ಲಿ ಹೇಳುವುದನ್ನು ನೀವು ಮೈಕಿನಲ್ಲಿ ಹೇಳಿದಿರಲ್ಲ ಅಂತ. ಪೆಟ್ಟಿಗೆಯಲ್ಲಿ ಹೇಳಿದರೆ ಗೋಡೆ ಒಣಗುವುದಿಲ್ಲ ಫಾದರ್ ಅಂದೆ. ಲಾದ್ರು ಪೊರ್ಬು ಗೇಟಿನ ಹತ್ತಿರ ನಿಂತಿದ್ದರು.

"ಸಿಮೆಂಟು ಹೊಡೆಯುವ ಅಂತ ಹೇಳಿದ್ದು ನಾನು. ಅದನ್ನು ಯಾಕೆ ಹೇಳಲಿಲ್ಲ?"

"ನೀವು ಹೇಳಿದ್ದು ಬಾಯಲ್ಲಿ. ಹಾಕಿದ್ದು ನನ್ನ ಕೈ."

ಅವರು ಎಲೆ ಉಗಿದು, ಒದ್ದೆ ಇದ್ದರೆ ಕೆಡವುವುದೇ, ನೋಡು, ಅಂತ ಹೇಳಿ ಹೋದರು.

ಫೆಬ್ರವರಿಯಲ್ಲಿ ಸಿಮೆಂಟು ಬಿಡಿಸಿದೆವು. ನನ್ನ ಮೊಣಕಾಲಿಗೆ ಆಗದ್ದಕ್ಕೆ ಈ ನಾಲ್ಕು ಹೆಂಗಸರು ಬಂದದ್ದು ಆಗ. ನಾನು ಸ್ಟೂಲಿನಲ್ಲಿ ಕೂತು ಹೇಳುವುದು, ಅವರು ಮಾಡುವುದು. ಸಿಮೆಂಟಿನ ಹಿಂದೆ ನಾಲ್ಕು ಬೆರಳು ಕಲ್ಲು ರವೆಯ ಹಾಗೆ ಪುಡಿಯಾಗಿತ್ತು. ಅದನ್ನು ಗುಡಿಸಿದ ಮೇಲೆ ಹಿಂದೆ ಗಟ್ಟಿ ಕಲ್ಲು, ಕೆಂಪು, ಬಡಿದರೆ ಟಣ್ ಅಂತು. ಮೇಸ್ತ್ರಿ ಮುಗಿಸಿದ ಗೋಡೆಯ ಮೂಲೆಯಲ್ಲಿ ಹೆಬ್ಬೆರಳು ಒತ್ತುವ ಅಭ್ಯಾಸ ಇಟ್ಟುಕೊಂಡಿದ್ದ. ಇಲ್ಲಿಯೂ ಅವನ ಪ್ರಾಯಕಾಲದ ಒಂದು ಗುರುತು ಇತ್ತು ಅಂತ ನೆನಪಾಗಿ ಹುಡುಕಿದೆ. ಸಿಗಲಿಲ್ಲ. ಸಿಮೆಂಟು ಹಿಡಿಯಲಿ ಅಂತ ನಾನೇ ಕೆತ್ತಿ ತೆಗೆದಿದ್ದೆನಲ್ಲ.

ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದ ಹಾಗೆ ಚರಂಡಿ ತೋಡಿಸಿದೆ. ಕಲ್ಲನ್ನು ಒಂದು ತಿಂಗಳು ಬರಿದೇ ಬಿಟ್ಟೆವು. ಈಗ ಚಿಪ್ಪು ಸುಡುವವರು ಸಿಗುವುದು ಕಷ್ಟ. ಹುಡುಕಿ ತಂದು, ಮೊದಲೇ ಮಲಗಿಸಿಟ್ಟ ಸುಣ್ಣವನ್ನು ಎಲೆಗೆ ಹಚ್ಚಿ ನೋಡಿ, ಮೂರು ತೆಳು ಪದರ ಮೆತ್ತಿದೆವು. ಒಂದು ಪದರ ಆದ ಮೇಲೆ ಎರಡು ವಾರ ಒದ್ದೆ ಗೋಣಿ. ಇನ್ನು ಸಾಕಾ ದೊಡ್ಡಮ್ಮ ಅಂತ ಇವರು ದಿನಾ ಕೇಳಿದರು. ಕಾಯಿ ಅಂದೆ ದಿನಾ. ಅಳಲೆಕಾಯಿ ಒಂದು ಬಿಟ್ಟು ಎಲ್ಲ ಕಾಯಿಯೂ ಹಾಕಿಸಿದಿರಿ ಅಂತ ಅವರು ತಮಾಷೆ ಮಾಡಿದರು.

ಮಳೆ ಬಂತು, ಸರಿಯಾಗಿ ಬಂತು. ನಾನು ವಾರಕ್ಕೊಮ್ಮೆ ಹೋಗಿ ಅಂಗೈ ಇಟ್ಟು ಬರ್ತಿದ್ದೆ. ಜುಲೈಯಲ್ಲಿ ಒಂದು ಸಲ ಕೈ ಒದ್ದೆ ಆಯಿತು. ಬಸ್ಸಿನಲ್ಲಿ ಬರುವಾಗ ಆ ಅಂಗೈಯನ್ನು ಸೆರಗಿಗೆ ಒರೆಸ್ತಲೇ ಇದ್ದೆ. ಮರುವಾರ ಹೋಗಿ ನೋಡಿದರೆ ಹೊರಗಿನ ಚರಂಡಿಯಲ್ಲಿ ಎಲೆ ಕಟ್ಟಿ ನೀರು ನಿಂತಿತ್ತು. ಬಿಡಿಸಿದೆವು. ಆಮೇಲೆ ಒಣಗಿತು. ಮಳೆಗಾಲ ಮುಗಿಯುವ ಮೊದಲೇ, ಯಾರೂ ಹೇಳದೆ, ಉಳಿದ ಗೋಡೆಗೆ ಬೇಕಾದ ಸುಣ್ಣವನ್ನು ಹಿತ್ತಲಲ್ಲಿ ಹೊಂಡಕ್ಕೆ ಹಾಕಿಸಿದೆ. ಕೆಡವುವುದು ಅಂತ ಆದರೆ ಈ ಸುಣ್ಣ ಎಂಥ ಮಾಡ್ತೀರಿ ಅಂತ ಫಾದರ್ ಕೇಳಿದರು. ಎಲೆಗೆ ಆಗ್ತದೆ ಅಂದೆ.

ಅಕ್ಟೋಬರದಲ್ಲಿ ಇಂಜಿನಿಯರು ಎರಡು ಸೂಜಿಯ ಒಂದು ಮೆಷಿನು ಹಿಡಿದು ಬಂದರು. ಸಿಮೆಂಟು ಇರುವಲ್ಲಿ ಚುಚ್ಚಿದರು, ಸುಣ್ಣ ಇರುವಲ್ಲಿ ಚುಚ್ಚಿದರು. ಪುನಃ ಚುಚ್ಚಿದರು. ಬರೆದುಕೊಂಡರು. ಬೆಳಗ್ಗಿನ ಒಂಬತ್ತು ಗಂಟೆ. ಕಿಟಕಿಯಿಂದ ಬಿಸಿಲು ಓರೆ ಬಿದ್ದಿತ್ತು, ನಮ್ಮ ಎರಡು ಕಿಟಕಿಯ ನಡುವೆ ಒಂದು ಸಾಸಿವೆ ನೆರಳಿಲ್ಲ. ಇಂಜಿನಿಯರು ಮೆಷಿನನ್ನು ಕಿಸೆಗೆ ಹಾಕಿ ಫಾದರ್ ಹತ್ತಿರ, ಕೆಡವುವುದು ಬೇಡ, ಉಳಿದ ಸಿಮೆಂಟನ್ನೂ ತೆಗೆಸಿ ಅಂದರು. ಆಮೇಲೆ ಯಾರೂ ನೋಡುವುದಿಲ್ಲ ಅಂತ ಅಂದಾಜು ಮಾಡಿ ಅಂಗೈ ಇಟ್ಟು ನೋಡಿದರು. ನಾನು ನೋಡಿದೆ.

ಲಾದ್ರು ಪೊರ್ಬು ಬಾಗಿಲಲ್ಲಿ ನಿಂತವರು ಒಳಗೆ ಬಂದು ಗೋಡೆಗೆ ಕೈ ಇಟ್ಟರು. ಬೆರಳ ಗಂಟಿನಲ್ಲಿ ಬಡಿದರು. ಹೊರಗೆ ಹೋದರು. ನಾನು ಹಿತ್ತಲ ಹೊಂಡದ ಹತ್ತಿರ ಗೋಣಿ ಸರಿಸಿ ನೋಡ್ತಾ ಇದ್ದೆ, ಅಲ್ಲಿಗೆ ಬಂದರು. ಅಂಗಿಯ ಕಿಸೆಯಿಂದ ವೀಳ್ಯದ ಎಲೆ ತೆಗೆದು ತೊಡೆಗೆ ಒರೆಸಿ, ತೊಟ್ಟು ಮುರಿದು, ನನ್ನ ಎದುರು ಹಿಡಿದರು.

"ಸ್ವಲ್ಪ ಸುಣ್ಣ ಇಡು, ವಾರಿಜ."

ನಾನು ಬೆರಳಲ್ಲಿ ತೆಗೆದು ನನ್ನ ನಾಲಿಗೆಗೆ ಇಟ್ಟೆ. ಸಣ್ಣಕ್ಕೆ ಸುಟ್ಟಿತು.

"ಇನ್ನೂ ಆಗಲಿಲ್ಲ ಪೊರ್ಬುಲೇ. ಹದಿನೈದು ದಿನ ಕಾಯಿರಿ."

ಅವರು ಎಲೆಯನ್ನು ಮಡಚಿ ಪುನಃ ಕಿಸೆಗೆ ಹಾಕಿದರು.

"ಕಾಯಿ ಅಂದರೆ ಯಾವ ಕಾಯಿ? ಸರಿಯಾಗಿ ಹೇಳು" ಅಂದರು.